ಕ್ರಿಸ್ಮಸ್ ಕಾಣಿಕೆಯಾಗಿ ಹುಟ್ಟಿದ ಕೋಲು

1959ನೇ ಇಸವಿಯ ಕ್ರಿಸ್ಮಸ್. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಮರಗೆಲಸ ಬಲ್ಲ ಒಬ್ಬರು ತಮ್ಮ ಕೆಲವು ಗೆಳೆಯರಿಗೆ ಹಬ್ಬದ ಕಾಣಿಕೆಯಾಗಿ ಕೈಯಾರೆ ಕಡೆದ ಕೋಲುಗಳನ್ನು ಕೊಟ್ಟರು. ಪೂಲ್ ಎಂಬ ಮೇಜಿನ ಆಟದಲ್ಲಿ ಚೆಂಡನ್ನು ಹೊಡೆಯಲು ಬಳಸುವ ಕೋಲು ಅದು. ಆಟಗಾರರ ಬಾಯಲ್ಲಿ ಅದರ ಹೆಸರು 'ಕ್ಯೂ'. ಕೊಟ್ಟವರ ಹೆಸರು ಜಾರ್ಜ್ ಬಲಬುಷ್ಕ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ವಲಸೆ ಬಂದವರು. ಮಕ್ಕಳ ಆಟಿಕೆ ಮಾಡುವ ಕೆಲಸದಲ್ಲಿ ಕೈ ಪಳಗಿತ್ತು. ಗರಗಸದ ಯಂತ್ರಕ್ಕೆ ಒಂದು ಬೆರಳನ್ನೂ ಕೊಟ್ಟಿದ್ದರು. ಅದೇ ವರ್ಷ ಗೆಳೆಯರೊಬ್ಬರ ಜೊತೆ ಸೇರಿ ಒಂದು ಪೂಲ್ ಆಟದ ಕೋಣೆಯನ್ನು ಕೊಂಡಿದ್ದರು. ಅಲ್ಲಿ ಮುರಿದ ಕೋಲುಗಳನ್ನು ರಿಪೇರಿ ಮಾಡುತ್ತಾ ಮಾಡುತ್ತಾ ಹೊಸದನ್ನೇ ಮಾಡಿದರೆ ಹೇಗೆ ಎನ್ನಿಸಿತು.

ಕಾಣಿಕೆ ಪಡೆದವರು ಆಡಿದರು. ಆಡಿದ್ದನ್ನು ನೋಡಿದವರು "ನನಗೂ ಒಂದು ಬೇಕು" ಎಂದರು. ಅಲ್ಲಿಂದ 1975ರಲ್ಲಿ ಅವರು ತೀರಿಕೊಳ್ಳುವವರೆಗೆ ಹದಿನಾರು ವರ್ಷ. ಅಷ್ಟರಲ್ಲಿ ಅವರ ಕೈಯಿಂದ ಬಂದ ಕೋಲುಗಳು ಒಟ್ಟು 1,000ದಿಂದ 1,200 ಎಂದು ಬಲ್ಲವರು ಅಂದಾಜು ಮಾಡುತ್ತಾರೆ. ಅಂದರೆ ವಾರಕ್ಕೆ ಒಂದು, ಬಹಳವೆಂದರೆ ಒಂದೂವರೆ. ಪಿಟೀಲಿಗೆ ಸ್ಟ್ರಾಡಿವೇರಿ ಹೇಗೋ, ಪೂಲ್ ಕೋಲಿಗೆ ಬಲಬುಷ್ಕ ಹಾಗೆ ಎನ್ನುವ ಮಾತು ಆ ಆಟದ ಲೋಕದಲ್ಲಿ ಇಂದಿಗೂ ಇದೆ.

ಒಂದು ಕೋಲಿನಲ್ಲಿ ಅಂಥದ್ದೇನಿದೆ? ಗದ್ದೆ ಬದುವಿನ ಮೇಲೆ ದನ ಅಟ್ಟಲು ಮುರಿದುಕೊಳ್ಳುವ ಕೋಲೂ ಕೋಲೇ. ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಸ್ವಲ್ಪ ಆಟದ ಕಥೆ, ಬಹಳಷ್ಟು ಮರದ ಕಥೆ ಕೇಳಬೇಕು.

ಮನೆಯವರ ಭಯ, ಊಟಿಯ ನಂಟು

ಪೂಲ್, ಸ್ನೂಕರ್ ಎಂದರೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಹೊಗೆ ತುಂಬಿದ ಕೋಣೆ, ಪಂದ್ಯಕ್ಕೆ ಕಟ್ಟುವ ಹಣ, ಕಾಲೇಜು ತಪ್ಪಿಸಿ ನಿಂತ ಹುಡುಗರು ಕಣ್ಮುಂದೆ ಬರುತ್ತಾರೆ. ಈ ಭಯ ಸುಳ್ಳಲ್ಲ. ಹಣ ಕಟ್ಟಿ ಆಡುವ ಚಟ ಎಷ್ಟು ಮನೆಗಳನ್ನು ನುಂಗಿದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಚಟ ಬೇರೆ, ಆಟ ಬೇರೆ. ಸಂತ ಚಾರ್ಲ್ಸ್ ಬೊರ್ರೊಮಿಯೊ ಅವರ ಬಗ್ಗೆ ಒಂದು ಕಥೆ ಹೇಳುವುದುಂಟು. ಅವರು ಆಡುತ್ತಿದ್ದಾಗ ಯಾರೋ, "ಇನ್ನೊಂದು ಗಳಿಗೆಯಲ್ಲಿ ಲೋಕ ಮುಗಿಯುತ್ತದೆ ಎಂದು ತಿಳಿದರೆ ಏನು ಮಾಡುವಿರಿ?" ಎಂದು ಕೇಳಿದರಂತೆ. ಆಟ ಮುಂದುವರಿಸುತ್ತೇನೆ, ದೇವರ ಮಹಿಮೆಗಾಗಿಯೇ ಇದನ್ನು ಶುರು ಮಾಡಿದ್ದೇನೆ ಎಂದರಂತೆ ಸಂತರು. ಆಡುತ್ತಿದ್ದದ್ದು ಬಿಲಿಯರ್ಡ್ಸ್ ಎಂದು ಕೆಲವರು, ಚದುರಂಗ ಎಂದು ಇನ್ನು ಕೆಲವರು. ಎರಡರಲ್ಲಿ ಯಾವುದಾದರೂ ಕಥೆಗೆ ಕುಂದಿಲ್ಲ.

ನೀಲಗಿರಿಯ ಓದುಗರಿಗೆ ಈ ಆಟದ ಕುಟುಂಬದೊಡನೆ ನೇರ ಸಂಬಂಧವೇ ಇದೆ. 1875ರಲ್ಲಿ ಜಬಲ್ಪುರದ ಸೇನಾ ಅಧಿಕಾರಿಗಳ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಬಣ್ಣದ ಚೆಂಡುಗಳನ್ನು ಸೇರಿಸಿ ಸ್ನೂಕರ್ ಆಟವನ್ನು ಹುಟ್ಟುಹಾಕಿದರು. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಇವರು ಬೇರೆ.) ನಂತರ ಅವರು ಊಟಿಗೆ ಬಂದರು. 1882ರಲ್ಲಿ ಆಟದ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಆಡುವ ಆಟಕ್ಕೆ ಕಾನೂನು ಕೊಟ್ಟದ್ದು ನಮ್ಮ ಬೆಟ್ಟ. 1958ರಲ್ಲಿ ವಿಲ್ಸನ್ ಜೋನ್ಸ್ ಅವರು ಕಲ್ಕತ್ತೆಯಲ್ಲಿ ಹವ್ಯಾಸಿ ಬಿಲಿಯರ್ಡ್ಸ್‌ನ ವಿಶ್ವ ಪಟ್ಟ ಗೆದ್ದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಎರಡು ಡಜನ್‌ಗೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಮನೆಗೆ ತಂದಿದ್ದಾರೆ. ಪೂಲ್ ಈ ಕುಟುಂಬದ ಅಮೆರಿಕದ ತಮ್ಮ. ಮೇಜು ಚಿಕ್ಕದು, ಚೆಂಡು ತುಸು ದೊಡ್ಡದು, ಗುಳಿಗಳು ಅಗಲ.

ಕ್ಯೂ ಎಂಬ ಪದದ ಕಥೆಯೂ ಸ್ವಾರಸ್ಯವಾಗಿದೆ. ಮೊದಲಿಗೆ ಜನ ಚೆಂಡನ್ನು ತಳ್ಳುತ್ತಿದ್ದದ್ದು ತುದಿಯಲ್ಲಿ ಅಗಲ ತಲೆಯಿದ್ದ ಒಂದು ದಾಂಡಿನಿಂದ. ಚೆಂಡು ಮೇಜಿನ ಅಂಚಿಗೆ ಅಂಟಿ ನಿಂತರೆ ಆ ದಪ್ಪ ತಲೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಗ ದಾಂಡನ್ನು ತಿರುವಿ ಅದರ ಸಣ್ಣ ಹಿಡಿಯಿಂದ, ಅಂದರೆ ಬಾಲದಿಂದ ಹೊಡೆಯುತ್ತಿದ್ದರು. ಫ್ರೆಂಚರಲ್ಲಿ ಬಾಲಕ್ಕೆ 'ಕ್ಯೂ' ಎನ್ನುತ್ತಾರೆ. ನಾವು ರೇಷನ್ ಅಂಗಡಿಯ ಮುಂದೆ ನಿಲ್ಲುವ ಕ್ಯೂ ಕೂಡ ಅದೇ ಬಾಲ! ಕಾಲಕ್ರಮದಲ್ಲಿ ತಲೆ ಹೋಯಿತು, ಬಾಲ ಉಳಿಯಿತು. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬ ಕ್ಯಾಪ್ಟನ್ ಆ ಬಾಲದ ತುದಿಗೆ ಚರ್ಮದ ಬಿಲ್ಲೆ ಅಂಟಿಸಿದರು. ಈ ಉಪಾಯ ಅವರಿಗೆ ಹೊಳೆದದ್ದು ಸೆರೆಮನೆಯಲ್ಲಿದ್ದಾಗ ಎಂದು ಹೇಳುತ್ತಾರೆ. ಮರದ ತುದಿ ಚೆಂಡಿನ ಮೇಲೆ ಜಾರುತ್ತದೆ, ಚರ್ಮ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ತಾನೇ ಚೆಂಡನ್ನು ಸುತ್ತಿಸಲು, ಹಿಂದಕ್ಕೆ ಎಳೆಯಲು ಆಗುವುದು? ಈ ಆಟದ ಸೂಕ್ಷ್ಮವೆಲ್ಲ ಆ ಸಣ್ಣ ಚರ್ಮದ ಬಿಲ್ಲೆಯಿಂದ ಬಂತು.

ಸಕ್ಕರೆ ಮರ

ಈಗ ಮರಕ್ಕೆ ಬರೋಣ. ಪೂಲ್ ಕೋಲಿನ ಉದ್ದ ಸುಮಾರು 58 ಅಂಗುಲ. ತೂಕ 18ರಿಂದ 21 ಔನ್ಸ್, ಅಂದರೆ ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು. ನಡುವೆ ತಿರುಪು ಇರುತ್ತದೆ, ಬಿಚ್ಚಿ ಎರಡು ತುಂಡು ಮಾಡಿ ಚೀಲಕ್ಕೆ ಹಾಕಿಕೊಳ್ಳಬಹುದು. ಮುಂದಿನ ತುಂಡು ಸಣ್ಣ, ಬಿಳಿ. ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಹಿಂದಿನ ತುಂಡು ದಪ್ಪ, ಅಲಂಕಾರವೆಲ್ಲ ಅಲ್ಲೇ, ಅದು ಬಟ್.

ಜನ ನೋಡುವುದು ಬಟ್ಟನ್ನು. ಕೋಲು ಮಾಡುವವರ ನಿದ್ದೆಗೆಡಿಸುವುದು ಶಾಫ್ಟು.

ಶಾಫ್ಟಿಗೆ ಬೇಕಾದದ್ದು ಗಟ್ಟಿ ಮೇಪಲ್ ಮರ. ಕೆನಡಾ ದೇಶದ ಬಾವುಟದಲ್ಲಿ ಮೇಪಲ್ ಎಲೆಯಿರುವುದನ್ನು ನೀವು ನೋಡಿರಬಹುದು. ಮೇಪಲ್‌ಗಳಲ್ಲಿ 'ಸಕ್ಕರೆ ಮೇಪಲ್' ಎಂಬ ಜಾತಿಯಿದೆ. ನಮ್ಮಲ್ಲಿ ಈಚಲು, ತೆಂಗಿನಿಂದ ನೀರಾ ಇಳಿಸುವಂತೆ ಅಲ್ಲಿಯವರು ಚಳಿಗಾಲದ ಕೊನೆಯಲ್ಲಿ ಅದರ ಕಾಂಡಕ್ಕೆ ತೂತು ಕೊರೆದು ಸಿಹಿ ರಸ ಇಳಿಸಿ, ಕುದಿಸಿ ಪಾಕ ಮಾಡುತ್ತಾರೆ. ಅದೇ ಮರ ಕೋಲಿಗೂ ಶ್ರೇಷ್ಠ. ಉತ್ತರದ ಚಳಿ ನಾಡಿನಲ್ಲಿ ಬೇಸಿಗೆ ಚಿಕ್ಕದು. ವರ್ಷಕ್ಕೆ ಮರ ಬೆಳೆಯುವುದು ಅಷ್ಟಕ್ಕಷ್ಟೆ. ಹಾಗಾಗಿ ಅದರ ವಾರ್ಷಿಕ ಉಂಗುರಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಬೇಗ ಬೆಳೆದ ಮರದ ಉಂಗುರ ಅಗಲ, ಮೈ ಸಡಿಲ. ಬಲ್ಲವರು ಹಲಗೆಯ ತುದಿಯನ್ನು ಬೆಳಕಿಗೆ ಹಿಡಿದು ಒಂದು ಅಂಗುಲದಲ್ಲಿ ಎಷ್ಟು ಉಂಗುರವಿದೆ ಎಂದು ಎಣಿಸಿ ನೋಡಿ ಕೊಳ್ಳುತ್ತಾರೆ. ಮರದ ಎಳೆ ಈ ತುದಿಯಿಂದ ಆ ತುದಿಗೆ ನೇರ ಹೋಗಬೇಕು. ನಡುವೆ ಎಳೆ ಓರೆಯಾಗಿ ಪಕ್ಕಕ್ಕೆ ಹೊರಟುಹೋದರೆ, ಇಂದಲ್ಲ ನಾಳೆ ಕೋಲು ಅತ್ತ ಬಾಗುತ್ತದೆ.

ಕೆಲವು ಮೇಪಲ್ ತುಂಡುಗಳಲ್ಲಿ ಸಣ್ಣ ಕಂದು ಗೀರುಗಳಿರುತ್ತವೆ. ಅವುಗಳಿಗೆ ಸಕ್ಕರೆ ಗುರುತು ಎನ್ನುತ್ತಾರೆ. ಅದರಿಂದ ಆಟಕ್ಕೆ ಯಾವ ತೊಂದರೆಯೂ ಇಲ್ಲ. ಆದರೂ ಕೊಳ್ಳುವವರಿಗೆ ಹಾಲಿನಂತೆ ಬಿಳಿಯಾದದ್ದೇ ಬೇಕು. ಹೆಣ್ಣು ನೋಡಲು ಹೋದವರು ಗುಣ ಬಿಟ್ಟು ಬಣ್ಣ ಕೇಳಿದ ಹಾಗೆ.

ಕಡೆ, ತೂಗುಹಾಕು, ಕಾಯಿ

ಒಣಗಿಸಿದ ಹಲಗೆಯಿಂದ ಒಂದು ಅಂಗುಲ ದಪ್ಪದ ಚೌಕ ಪಟ್ಟಿಗಳನ್ನು ಸೀಳುತ್ತಾರೆ. ಎರಡೂ ತುದಿಗೆ ಮಧ್ಯಬಿಂದು ಗುರುತಿಸಿ ಲೇತಿಗೆ ಹಾಕಿ ದುಂಡಗೆ ಕಡೆಯುತ್ತಾರೆ. ಚನ್ನಪಟ್ಟಣದ ಆಟಿಕೆ ಕಡೆಯುವುದನ್ನು ಕಂಡವರಿಗೆ ಈ ಕೆಲಸದ ಅಂದಾಜು ಸಿಗುತ್ತದೆ. ಆದರೆ ಆಟಿಕೆಯನ್ನು ಕೂತ ಕಡೆಯಲ್ಲೇ ಕಡೆದು, ಅರಗಿನ ಬಣ್ಣ ಹಚ್ಚಿ ಮುಗಿಸಬಹುದು. ಶಾಫ್ಟನ್ನು ಒಂದೇ ಬಾರಿಗೆ ಬೇಕಾದ ಗಾತ್ರಕ್ಕೆ ಇಳಿಸಿದರೆ ಕೆಟ್ಟಿತು.

ಕಾರಣ ಮರದ ಸ್ವಭಾವ. ಮರ ಸತ್ತ ಮೇಲೂ ಉಸಿರಾಡುತ್ತದೆ ಎಂದು ನಮ್ಮ ಬಡಗಿಗಳು ಹೇಳುವ ಮಾತು ಸುಮ್ಮನೆ ಬಂದದ್ದಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯುತ್ತದೆ, ಬೇಸಿಗೆಯಲ್ಲಿ ಕಿಂಡಿ ಬಿಡುತ್ತದೆ. ಗಾಳಿಯ ತೇವ ಹೀರುವುದು, ಬಿಡುವುದು ನಡೆದೇ ಇರುತ್ತದೆ. ಇದರ ಜೊತೆಗೆ, ಗಾಳಿಗೆ ಬಿಸಿಲಿಗೆ ಓಲಾಡಿ ಬೆಳೆದ ಮರದ ಒಳಗೆ ಒಂದು ಬಿಗಿತ ಉಳಿದಿರುತ್ತದೆ. ಹೊರಗಿನ ಪದರ ತೆಗೆದ ಕೂಡಲೇ ಆ ಬಿಗಿತ ಸಡಿಲಿ ಮರ ತುಸು ಹೊರಳುತ್ತದೆ. ಅದಕ್ಕೇ ಒಂದು ಸಾರಿಗೆ ತೆಗೆಯುವುದು ತೆಳು ಪದರ ಮಾತ್ರ. ತೆಗೆದು, ತುದಿಯಿಂದ ನೇತುಹಾಕಿ ಬಿಡುತ್ತಾರೆ. ಗೋಡೆಗೆ ಒರಗಿಸಿದರೆ ತನ್ನ ಭಾರಕ್ಕೇ ಬಾಗೀತು. ವಾರಗಳು ಕಳೆಯುತ್ತವೆ. ಮತ್ತೆ ಲೇತಿಗೆ ಹಾಕಿ ತಿರುಗಿಸಿ ನೋಡುತ್ತಾರೆ. ಬಾಗಿದ್ದರೆ ತಿರುಗುವಾಗ ನಡು ಅಲುಗಾಡುತ್ತದೆ. ಬಾಗದೆ ನಿಂತದ್ದಕ್ಕೆ ಇನ್ನೊಂದು ತೆಳು ಪದರ, ಮತ್ತೆ ನೇತು. ಹೀಗೆ ಎಂಟು ಹತ್ತು ಸಲ. ಆರು ತಿಂಗಳು ಹಿಡಿಯಬಹುದು, ಒಂದು ವರ್ಷ ಹಿಡಿಯಬಹುದು, ಎರಡೂ ಆಗಬಹುದು.

ಪ್ರತಿ ಸುತ್ತಿನಲ್ಲೂ ಕೆಲವು ತುಂಡುಗಳು ಸೋಲುತ್ತವೆ. ತಿಂಗಳುಗಟ್ಟಲೆ ನೇರ ನಿಂತದ್ದು ಕೊನೆಯ ಸುತ್ತಿನಲ್ಲಿ ಕೂದಲೆಳೆಯಷ್ಟು ಬಾಗಿಬಿಡಬಹುದು. ಅದನ್ನೇನು ಮಾಡುವುದು? ಬಿಸಿ ಕೊಟ್ಟು ಒತ್ತಿ ನೆಟ್ಟಗೆ ಮಾಡಿ ಮಾರಿದರೆ ಕೊಂಡವರಿಗೆ ಆ ದಿನ ತಿಳಿಯುವುದಿಲ್ಲ, ಆರು ತಿಂಗಳ ಮೇಲೆ ತಿಳಿಯುತ್ತದೆ. ಒಳ್ಳೆಯ ಕಸುಬುದಾರರು ಅದನ್ನು ಪಕ್ಕಕ್ಕೆ ಎಸೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೈಯಿಂದ ಮಾಡಿದ ಕೋಲಿಗೆ ಹೆಚ್ಚು ಬೆಲೆ ಕೊಡುವವರು ಕೊಡುತ್ತಿರುವುದು ಈ ಎಸೆದ ತುಂಡುಗಳ ಬೆಲೆಯನ್ನು. ಕೈಗೆ ಬಂದ ಒಂದು ನೇರ ಕೋಲಿನ ಹಿಂದೆ ಯಾರ ಕಣ್ಣಿಗೂ ಬೀಳದ ಎಷ್ಟೋ ಕೋಲುಗಳು ಒಲೆ ಸೇರಿರುತ್ತವೆ.

ಕೊನೆಗೆ ಉಳಿಯುವ ಶಾಫ್ಟಿನ ತುದಿ ಸುಮಾರು 13 ಮಿಲಿಮೀಟರ್. ಅಲ್ಲಿಂದ ಹಿಂದಕ್ಕೆ ಹತ್ತು ಹನ್ನೆರಡು ಅಂಗುಲ ಅದೇ ಗಾತ್ರ ಉಳಿಸಿ, ಆಮೇಲೆ ನಿಧಾನ ದಪ್ಪವಾಗಿಸುತ್ತಾರೆ. ಎಡಗೈ ಬೆರಳುಗಳ ನಡುವೆ ಕೋಲು ಮುಂದೆ ಹಿಂದೆ ಜಾರುವಾಗ ಗಾತ್ರ ಬದಲಾದದ್ದು ಚರ್ಮಕ್ಕೆ ತಿಳಿಯಬಾರದು. ಸ್ನೂಕರ್ ಕೋಲಿನ ಲೆಕ್ಕ ಬೇರೆ. ಅದರ ತುದಿ ಒಂಬತ್ತೂವರೆ ಹತ್ತು ಮಿಲಿಮೀಟರ್ ಮಾತ್ರ, ಮರ ಹೆಚ್ಚಾಗಿ ಆಶ್. ಇಂಗ್ಲೆಂಡಿನ ಕಸುಬುದಾರರು ಅದನ್ನು ಲೇತಿನ ಬದಲು ಕೀಸುಳಿಯಿಂದಲೇ ಕೀಸಿ ದುಂಡಗೆ ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಕಣ್ಣಳತೆ, ಅಂಗೈ ಅಳತೆ.

ಪೆನ್ಸಿಲ್ ಕೆತ್ತಿದಂತೆ

ಇನ್ನು ಬಟ್ಟು. ಪೂಲ್ ಕೋಲನ್ನು ಹತ್ತಿರದಿಂದ ನೋಡಿದವರು ಅದರ ಮೇಲೆ ಉದ್ದುದ್ದ ಚೂಪು ಮೊನೆಗಳನ್ನು ಕಂಡಿರಬಹುದು. ಬಿಳಿ ಮರದೊಳಗೆ ಕಪ್ಪು ಮರದ ಈಟಿಗಳು ನೆಟ್ಟಂತೆ, ಅವುಗಳ ಅಂಚಿಗೆ ಹಸಿರು, ಕಿತ್ತಳೆ, ನೀಲಿ ಗೆರೆಗಳು. ಬಹಳ ಮಂದಿ ಇದು ಬಣ್ಣದಲ್ಲಿ ಬರೆದದ್ದು ಎಂದುಕೊಳ್ಳುತ್ತಾರೆ. ಅಗ್ಗದ ಕೋಲಿನಲ್ಲಿ ಅದು ನಿಜ, ಅಂಟಿಸಿದ ಚಿತ್ರ. ಒಳ್ಳೆಯದರಲ್ಲಿ ಅದು ಮರದೊಳಗೆ ಮರ.

ಹಳೆಯ ವಿಧಾನದಲ್ಲಿ ಎರಡು ಬೇರೆ ಮರಗಳ ತುದಿಗಳನ್ನು ಉದ್ದ ಬೆರಳುಗಳಂತೆ ಸೀಳಿ, ಪ್ರಾರ್ಥನೆಗೆ ಕೈ ಹೆಣೆದಂತೆ ಒಂದರೊಳಗೊಂದು ಸೇರಿಸಿ ಅಂಟು ಹಾಕುತ್ತಿದ್ದರು. ಇನ್ನೊಂದು ವಿಧಾನದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣಗಿರುವ ಮೇಪಲ್ ತುಂಡಿನ ನಾಲ್ಕು ಮೈಗೂ ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಗಾಡಿ ಕೊರೆಯುತ್ತಾರೆ. ಅದರಲ್ಲಿ ಬಣ್ಣದ ತೆಳು ಹಾಳೆಮರಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲೆ ಕರಿಮರದ ಪಟ್ಟಿ ಒತ್ತಿ ಅಂಟು ಹಾಕುತ್ತಾರೆ. ಈಗ ಅದು ನೋಡಲು ಒರಟು ದಿಮ್ಮಿ. ಮೊನೆ ಎಲ್ಲೂ ಕಾಣುವುದಿಲ್ಲ. ಲೇತಿಗೆ ಹಾಕಿ ದುಂಡಗೆ ಇಳಿಸುತ್ತಾ ಹೋದಂತೆ ಮೊನೆಗಳು ತಾವೇ ಮೂಡುತ್ತವೆ. ಆರು ಮೂಲೆಯ ಪೆನ್ಸಿಲನ್ನು ಮೆಂಡರಿಗೆ ಹಾಕಿ ತಿರುವಿದಾಗ ಬಣ್ಣ ಮತ್ತು ಮರ ಸೇರುವ ಕಡೆ ಅಲೆಯಂತೆ ಮೊನೆಗಳು ಮೂಡುತ್ತವಲ್ಲ, ಅದೇ ತತ್ವ. ಮನೆಯಲ್ಲಿ ಮಕ್ಕಳಿಗೆ ತೋರಿಸಿ, ಒಳ್ಳೆಯ ಗಣಿತ ಪಾಠ.

ಇಲ್ಲಿಯೇ ಕೈಗಾರಿಕೆಯ ಪರೀಕ್ಷೆ. ದಿಮ್ಮಿ ಲೇತಿನಲ್ಲಿ ಕೂದಲಿನಷ್ಟು ಓರೆ ಕೂತಿದ್ದರೆ ಒಂದು ಮೊನೆ ಉದ್ದವಾಗಿ, ಎದುರಿನದು ಗಿಡ್ಡವಾಗಿ ಬರುತ್ತದೆ. ನಾಲ್ಕೂ ಒಂದೇ ಎತ್ತರಕ್ಕೆ ನಿಂತರೆ ಮಾಡಿದವರ ಕೈಗೆ ನಮಸ್ಕಾರ ಹೇಳಬೇಕು. ಅಂಟಿನಲ್ಲಿ ಎಲ್ಲಾದರೂ ಗಾಳಿ ಉಳಿದಿದ್ದರೆ ಚೆಂಡು ಹೊಡೆದಾಗ ಕೋಲು ಝುಂ ಎನ್ನುತ್ತದೆ. ಒಡೆದ ಮಡಕೆ ಬಡಿದು ನೋಡಿ ಕೊಳ್ಳುವ ನಮ್ಮ ಅಜ್ಜಿಯರಿಗೆ ಈ ಪರೀಕ್ಷೆ ಹೊಸದೇನಲ್ಲ.

ಆಮೇಲೆ ಹಿಡಿ. ಐರಿಷ್ ಲಿನನ್ ದಾರವನ್ನು ಲೇತಿನ ಮೇಲೆ ನಿಧಾನ ತಿರುಗಿಸುತ್ತಾ ಸುಮಾರು ಒಂದು ಅಡಿ ಉದ್ದಕ್ಕೆ ಎಳೆ ಪಕ್ಕ ಎಳೆ ಸುತ್ತುತ್ತಾರೆ. ಸುತ್ತುವ ಜಾಗವನ್ನು ಮೊದಲೇ ದಾರದ ದಪ್ಪದಷ್ಟು ತಗ್ಗಿಸಿರುತ್ತಾರೆ. ಕಣ್ಣು ಮುಚ್ಚಿ ಬೆರಳು ಸವರಿದರೆ ಮರ ಎಲ್ಲಿ ಮುಗಿಯಿತು, ದಾರ ಎಲ್ಲಿ ಶುರುವಾಯಿತು ಎಂದು ಗೊತ್ತಾಗಬಾರದು. ಬೆವರು ಹೀರಲು ಈ ದಾರ. ಹಿಂಬದಿಯಲ್ಲಿ ತೂಕದ ಬೋಲ್ಟು, ಕೊನೆಗೊಂದು ರಬ್ಬರು.

ಬೇಕಾದವರಿಗೆ ಬೇಕಾದಂತೆ ಮಾಡಿಕೊಡುವುದು ಎಂದರೆ ಇಷ್ಟೇ: ಕೊಳ್ಳುವವರು ಎತ್ತರವೇ, ಗಿಡ್ಡವೇ, ಅಂಗೈ ಎಷ್ಟು ದೊಡ್ಡದು, ಭಾರ ಹಿಂದಿರಬೇಕೋ ಮುಂದಿರಬೇಕೋ, ಅರ್ಧ ಔನ್ಸ್ ಹೆಚ್ಚೋ ಕಡಿಮೆಯೋ ಎಂದು ಕೇಳಿ ಮಾಡುವುದು. ದರ್ಜಿ ಅಳತೆ ತೆಗೆದು ಅಂಗಿ ಹೊಲಿದಂತೆ. ಸಿದ್ಧ ಅಂಗಿಯಲ್ಲೂ ಮೈ ಮುಚ್ಚುತ್ತದೆ. ಆದರೆ ಹಬ್ಬಕ್ಕೆ ಹೊಲಿಸಿದ ಅಂಗಿ ತೊಟ್ಟವರ ನಡಿಗೆಯೇ ಬೇರೆ.

ಒಬ್ಬರ ಹೆಸರು, ಹಲವರ ಕೈ

ಬಲಬುಷ್ಕ ಅವರ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ಮೊನೆಗಳನ್ನು ಜೋಡಿಸಿದ ಒರಟು ದಿಮ್ಮಿಗಳನ್ನು ಅವರು ಸ್ವತಃ ಮಾಡುತ್ತಿರಲಿಲ್ಲ. ಮೊದಲು ಬ್ರನ್ಸ್‌ವಿಕ್ ಕಂಪನಿಯ 'ಟೈಟ್ಲಿಸ್ಟ್' ದಿಮ್ಮಿಗಳನ್ನು ತರಿಸುತ್ತಿದ್ದರು. ನಂತರ ಷಿಕಾಗೋದ ಬರ್ಟನ್ ಸ್ಪೇನ್ ಅವರಿಂದ, ಪೆನ್ಸಿಲ್ವೇನಿಯಾದ ಗಸ್ ಝಾಂಬೋಟಿ ಅವರಿಂದ ಕೊಂಡರು. ಝಾಂಬೋಟಿ ಸ್ವತಃ ಹೆಸರಾಂತ ಕೋಲುಗಾರರು. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಪ್ರತಿಸ್ಪರ್ಧಿ. ಆದರೂ ತಮ್ಮ ಕೈಯ ಒಳ್ಳೆಯ ದಿಮ್ಮಿಗಳನ್ನು ಗೆಳೆಯನಿಗೆ ಕೊಟ್ಟರು. ಅದನ್ನು ಕಡೆದು, ಜೋಡಿಸಿ, ತೂಕ ಹದ ಮಾಡಿ, ಮೆರುಗು ಕೊಟ್ಟು ಜೀವ ತುಂಬಿದವರು ಬಲಬುಷ್ಕ. ಲೋಕ ಇಂದು ಅದನ್ನು ಬಲಬುಷ್ಕ ಕೋಲು ಎನ್ನುತ್ತದೆ. 1988ರಲ್ಲಿ ಗಸ್ ತೀರಿಕೊಂಡ ಮೇಲೆ ಮಗ ಬ್ಯಾರಿ ತಂದೆಯ ಕಸುಬನ್ನು ಮುಂದುವರಿಸಿದರು.

ಕೈಕೆಲಸದವರನ್ನು ನೆನೆಯುವಾಗ ನಮ್ಮ ಬೈಬಲ್ಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಉಳುವವರು, ಮುದ್ರೆ ಕೆತ್ತುವವರು, ಕಮ್ಮಾರರು, ಕುಂಬಾರರು ಒಬ್ಬೊಬ್ಬರಾಗಿ ಅಲ್ಲಿ ಬರುತ್ತಾರೆ. ಕುಂಬಾರ ಕಾಲಲ್ಲಿ ಚಕ್ರ ತಿರುಗಿಸುವುದು, ಕಮ್ಮಾರನ ಮೈಗೆ ಕುಲುಮೆಯ ಕಾವು ತಾಗುವುದು ಎಲ್ಲವನ್ನೂ ನೋಡಿಯೇ ಬರೆದಂತಿದೆ. ಇವರಿಲ್ಲದೆ ಊರಿಲ್ಲ, ಆದರೂ ಸಭೆಯಲ್ಲಿ ಇವರಿಗೆ ಪೀಠವಿಲ್ಲ ಎಂಬ ಅರ್ಥದ ಮಾತು ಅಲ್ಲಿದೆ. ಇವರ ಪ್ರಾರ್ಥನೆ ಇವರ ಕಸುಬಿನಲ್ಲೇ ಇದೆ ಎಂದು ಅಧ್ಯಾಯ ಮುಗಿಯುತ್ತದೆ. 1955ರಲ್ಲಿ ಪೋಪ್ 12ನೇ ಪಿಯುಸ್ ಅವರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಆದರೂ ನಮ್ಮಲ್ಲಿ ಎಷ್ಟು ಮನೆಯವರು ಮಗ ಬಡಗಿಯಾಗುತ್ತೇನೆ ಎಂದರೆ ಸಂತೋಷಪಡುತ್ತಾರೆ? ಹಬ್ಬದ ದಿನ ಬಡಗಿಯ ಪ್ರತಿಮೆಗೆ ಹೂವಿನ ಹಾರ, ಮರುದಿನ ಮಗನಿಗೆ ಇಂಜಿನಿಯರಿಂಗ್ ಸೀಟು ಹುಡುಕಾಟ.

ಬಲಬುಷ್ಕ ಕೋಲುಗಳ ನಿಜವಾದ ಬೆಲೆ ಏರಿದ್ದು ಅವರು ಹೋದ ಮೇಲೆ. 1986ರಲ್ಲಿ ಬಂದ 'ದಿ ಕಲರ್ ಆಫ್ ಮನಿ' ಎಂಬ ಸಿನಿಮಾದಲ್ಲಿ ಹಳೆಯ ಆಟಗಾರನೊಬ್ಬ ಹುಡುಗನಿಗೆ ಬಲಬುಷ್ಕ ಕೋಲು ಕೊಡುವ ದೃಶ್ಯವಿದೆ. ಆಮೇಲೆ ಎಲ್ಲೆಲ್ಲೂ ಆ ಹೆಸರೇ. ಕಾಣಿಕೆಯಾಗಿ ಶುರುವಾದ ಕೋಲುಗಳು ಸಾವಿರಾರು ಡಾಲರಿಗೆ ಕೈ ಬದಲಾದವು, ನಕಲಿಗಳೂ ಬಂದವು. ತಮಾಷೆಯೆಂದರೆ ಆ ಸಿನಿಮಾದಲ್ಲಿ ತೋರಿಸಿದ ಕೋಲೂ ಬಲಬುಷ್ಕ ಮಾಡಿದ್ದಾಗಿರಲಿಲ್ಲ. 'ಜಾಸ್' ಎಂಬ ಕಂಪನಿಯವರು ಅದೇ ಮಾದರಿಯಲ್ಲಿ ಮಾಡಿದ್ದ ಕೋಲು. ನಿಜವಾದದ್ದನ್ನು ಚಿತ್ರೀಕರಣದಲ್ಲಿ ಬೀಸಾಡಲು ಯಾರು ಕೊಟ್ಟಾರು!

ದಂತ ಮತ್ತು ಬೀಟೆ

ಈ ಚಂದದ ಹಿಂದೆ ಒಂದು ಲೆಕ್ಕ ಬಾಕಿಯಿದೆ. ಹಳೆಯ ಬೆಲೆಬಾಳುವ ಕೋಲುಗಳಲ್ಲಿ ತುದಿಯ ಬಿಳಿ ಉಂಗುರ, ನಡುವಿನ ಜೋಡಣೆ, ಬಟ್ಟಿನ ಮೇಲಿನ ವಜ್ರಾಕಾರದ ಕುಸುರಿ ಆನೆಯ ದಂತದ್ದಾಗಿರುತ್ತಿತ್ತು. ಅದಕ್ಕೂ ಹಿಂದೆ ಚೆಂಡುಗಳೇ ದಂತದವು. ದಂತ ಸಾಲದೆ ಬಂದಾಗ ಬೇರೆ ವಸ್ತು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನವೆಂದು ಅಮೆರಿಕದಲ್ಲಿ ಸಾರಿದ್ದರು. ಆ ಹುಡುಕಾಟದಿಂದಲೇ ಜಾನ್ ವೆಸ್ಲಿ ಹಯಾಟ್ ಅವರ ಸೆಲ್ಯುಲಾಯ್ಡ್ ಬಂತು. ಚೆಂಡು ಬದಲಾದರೂ ಕೋಲಿನ ದಂತ ಉಳಿದೇ ಇತ್ತು. 1989ರಲ್ಲಿ ದೇಶಗಳು ಸೇರಿ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಒಪ್ಪಿದವು. 2016ರಲ್ಲಿ ಅಮೆರಿಕ ತನ್ನ ಒಳಗಿನ ಮಾರಾಟವನ್ನೂ ಬಹುತೇಕ ನಿಲ್ಲಿಸಿತು. ದಂತವಿಲ್ಲದೆ ಆ ಗಟ್ಟಿ ಹೊಡೆತ ಬಾರದು ಎಂದು ಗೊಣಗಿದ ಕಸುಬುದಾರರು ಕೃತಕ ವಸ್ತುಗಳಿಗೆ ಹೊಂದಿಕೊಂಡರು, ಆಟವೇನೂ ನಿಲ್ಲಲಿಲ್ಲ. ರಾತ್ರಿ ಆನೆ ಬಂದು ಬಾಳೆ ತುಳಿಯುವ ವಯನಾಡು, ತಾಳವಾಡಿಯ ರೈತರಿಗೆ ಆನೆಯ ಮೇಲೆ ಸಿಟ್ಟಿದೆ, ಅದು ಬೇರೆ ಮಾತು. ಆದರೆ ಒಂದು ಉಂಗುರಕ್ಕಾಗಿ ಆನೆ ಸಾಯಬೇಕು ಎಂದು ಅವರೂ ಹೇಳಲಾರರು.

ಮರದ ಕಥೆಯೂ ಹಾಗೆಯೇ. ಬಟ್ಟಿಗೆ ಬೇಡಿಕೆಯಿರುವ ಮರಗಳಲ್ಲಿ ರೋಸ್‌ವುಡ್ ಒಂದು. ಬ್ರೆಜಿಲ್ ದೇಶದ ರೋಸ್‌ವುಡ್ ಕಡಿದು ಕಡಿದು ತೀರಿಹೋಗುವ ಹಂತಕ್ಕೆ ಬಂದು, 1992ರಲ್ಲಿ ಅದರ ವ್ಯಾಪಾರಕ್ಕೆ ಕಟ್ಟುನಿಟ್ಟಿನ ತಡೆ ಬಿತ್ತು. ನಮ್ಮ ಪಶ್ಚಿಮ ಘಟ್ಟದ ಬೀಟೆ ಅದೇ ಕುಲದ ಮರ. 2017ರಿಂದ ಆ ಕುಲದ ಎಲ್ಲ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಹತೋಟಿಯಲ್ಲಿದೆ. ಬೀಟೆಯ ಬೆಲೆ ವಯನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮುಟ್ಟಿಲ್‌ನಲ್ಲಿ ಬೀಟೆ ಮರಗಳನ್ನು ಕಡಿದ ಪ್ರಕರಣ 2021ರಲ್ಲಿ ಕೇರಳವಿಡೀ ಸುದ್ದಿಯಾಗಿತ್ತು. ಅಜ್ಜ ನೆಟ್ಟು ಮೊಮ್ಮಗ ಕಾಣುವ ಮರ ಅದು. ಒಂದು ಕೋಲಿನ ಬಟ್ಟಿಗೆ ಒಂದು ಸಣ್ಣ ತುಂಡು ಸಾಕು, ನಿಜ. ಹಳೆಯ ಮಂಚದ ಕಾಲು, ಮುರಿದ ಮೇಜಿನ ಪಟ್ಟಿಗಳಿಂದ ಬಟ್ಟು ಮಾಡುವ ಕಸುಬುದಾರರೂ ಇದ್ದಾರೆ. ಅಂಥವರ ಜಾಣತನ ನನಗೆ ಹೆಚ್ಚು ಮೆಚ್ಚುಗೆ.

ಕಾಯಬೇಕಿಲ್ಲದ ಕೋಲು

ಕಳೆದ ಹತ್ತು ವರ್ಷಗಳಲ್ಲಿ ಹೊಸದೊಂದು ಬಂದಿದೆ: ಕಾರ್ಬನ್ ನಾರಿನ ಕಪ್ಪು ಶಾಫ್ಟು. ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಬಾಗುವುದಿಲ್ಲ, ಒಂದರಂತೆ ಇನ್ನೊಂದು. ದೊಡ್ಡ ಪಂದ್ಯಗಳ ಪೂಲ್ ಆಟಗಾರರಲ್ಲಿ ಈಗ ಬಹಳ ಮಂದಿ ಅದನ್ನೇ ಹಿಡಿದಿದ್ದಾರೆ. ಅವರನ್ನು ದೂರುವಂತಿಲ್ಲ. ಗೆದ್ದರೆ ಊಟ ಎನ್ನುವವರಿಗೆ ನಂಬಿಕೆಯ ಕೋಲು ಬೇಕು. ಬಟ್ಟಿನ ಕುಸುರಿಯನ್ನೂ ಕಂಪ್ಯೂಟರ್ ಹೇಳಿದಂತೆ ಯಂತ್ರವೇ ಕೊರೆಯುತ್ತದೆ. ಚೂಪು ಮೂಲೆ ಬರುವ ಕಡೆ ಯಂತ್ರದ ದುಂಡು ಅಲಗು ಸ್ವಲ್ಪ ದುಂಡಗೆ ಬಿಡುತ್ತದೆ, ಅದನ್ನು ಇನ್ನೂ ಚಾಕು ಹಿಡಿದು ಕೈಯಲ್ಲೇ ತಿದ್ದುವವರಿದ್ದಾರೆ.

ಹಾಗಾದರೆ ಮೇಪಲ್ ಕೋಲುಗಳನ್ನು ತಿಂಗಳುಗಟ್ಟಲೆ ನೇತುಹಾಕಿ ಕಾಯುವವರ ಗತಿ ಏನು? ಕೆಲವರು ಕಪ್ಪು ಶಾಫ್ಟಿಗೆ ಹೊಂದುವ ಮರದ ಬಟ್ಟು ಮಾತ್ರ ಮಾಡಿ ಬದುಕುತ್ತಿದ್ದಾರೆ. ಕೆಲವರಿಗೆ ಮರದ ಹೊಡೆತದ ಸದ್ದೇ ಬೇಕೆನ್ನುವ ಗಿರಾಕಿಗಳು ಇನ್ನೂ ಇದ್ದಾರೆ. ಹೆಸರಾಂತ ಕಸುಬುದಾರರ ಬಳಿ ಒಂದು ಕೋಲಿಗೆ ವರ್ಷಗಟ್ಟಲೆ ಸರದಿ ಕಾಯುವವರೂ ಉಂಟು. ಆದರೆ ಮರ ಆರಿಸಿ ನೇತುಹಾಕಲು ಹೊಸಬರು ಬರುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಎರಡು ವರ್ಷ ಹಣ ಹುಟ್ಟದ ಕೆಲಸಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಹಾಗೆ ಶುರು ಮಾಡಬೇಕಾದರೆ ತಂದೆ ನೇತುಹಾಕಿಟ್ಟ ಕೋಲುಗಳು ಮನೆಯಲ್ಲಿರಬೇಕು.

ನಿಮ್ಮ ಮಕ್ಕಳು ಊರಿನ ಕ್ಲಬ್ಬಿನಲ್ಲೋ, ಯುವಕರ ಸಂಘದ ಕೋಣೆಯಲ್ಲೋ ಮರದ ಕ್ಯೂ ಹಿಡಿಯುವವರಾದರೆ ಕೆಲವು ಮಾತು. ಕೊಳ್ಳುವಾಗ ಬಣ್ಣ ನೋಡಬೇಡಿ. ಶಾಫ್ಟನ್ನು ಬಿಚ್ಚಿ ಒಂದು ಕಣ್ಣು ಮುಚ್ಚಿ ಬಂದೂಕಿನ ನಳಿಗೆ ನೋಡುವಂತೆ ತುದಿಯಿಂದ ನೋಡಿ, ನಿಧಾನ ತಿರುಗಿಸಿ. ಮೇಜಿನ ಮೇಲೆ ಉರುಳಿಸಿದರೆ ಸಾಲದು, ಮೇಜೇ ಸೊಟ್ಟಗಿರಬಹುದು. ಎಳೆ ತುದಿಯವರೆಗೆ ನೇರ ಹೋಗಿದೆಯೇ ನೋಡಿ. ಆಡಿದ ಮೇಲೆ ಒಣ ಬಟ್ಟೆಯಿಂದ ಸೀಮೆಸುಣ್ಣದ ಪುಡಿ ಒರೆಸಿ. ಒದ್ದೆ ಬಟ್ಟೆ ಬೇಡ. ಮರಳು ಕಾಗದ ಹಾಕಿ ಉಜ್ಜಿದರೆ ಪ್ರತಿ ಸಲ ಗಾತ್ರ ಇಳಿಯುತ್ತದೆ. ಬಿಸಿಲಲ್ಲಿ ನಿಂತ ಕಾರು, ಅಡಿಗೆಮನೆಯ ಅಟ್ಟ ಎರಡೂ ಅದಕ್ಕೆ ಶತ್ರು. ಜೂನ್ ತಿಂಗಳಲ್ಲಿ ಗೋಡೆಗಳು ಬೆವರುವ ನಮ್ಮ ಘಟ್ಟದ ಊರುಗಳಲ್ಲಿ ಅದನ್ನು ಮೂಲೆಗೆ ಒರಗಿಸಿ ಮಳೆಗಾಲವಿಡೀ ಮರೆತುಬಿಡಬೇಡಿ. ಚೀಲದಲ್ಲಿ ಹಾಕಿ ನೆಟ್ಟಗೆ ತೂಗುಹಾಕಿ, ಇಲ್ಲವೇ ಬೀರುವಿನಲ್ಲಿ ಬಟ್ಟೆಗಳ ಮೇಲೆ ಅಡ್ಡ ಮಲಗಿಸಿ.